ಹಿತ್ತಾಳೆ ಬಣ್ಣದಡಿಯ ಚಿನ್ನ: ಫ್ರೆಂಚ್ ಕನ್ನಡಿಯೊಂದರ ದುರಸ್ತಿ

ಹಿತ್ತಾಳೆ ಪುಡಿಯ ಬಣ್ಣವನ್ನು ಮೊದಲು ಡಬ್ಬಿಗೆ ತುಂಬಿ ಮಾರಿದವನ ಮೇಲೆ ನನಗೆ ತೀರದ ಸಿಟ್ಟಿದೆ. ಫ್ರಾನ್ಸಿನ ಹಳೆಯ ಕನ್ನಡಿಗಳ ಚೌಕಟ್ಟಿಗೆ ಹುಳು, ತೇವ, ಒಲೆಯ ಹೊಗೆ ಎಲ್ಲ ಸೇರಿ ಮಾಡಿದ ಹಾನಿ ಒಂದು ಕಡೆ. ಚಿನ್ನ ಮಾಸಿತೆಂದು ಮನೆಯವರೇ ಅಕ್ಕರೆಯಿಂದ ಬಳಿದ ಈ ಬಣ್ಣದ ಹಾನಿ ಇನ್ನೊಂದು ಕಡೆ. ಬಳಿದ ದಿನ ಥಳಥಳ ಹೊಳೆಯುತ್ತದೆ. ಕೆಲವು ವರ್ಷ ಕಳೆಯುವುದರೊಳಗೆ ಅದರಲ್ಲಿರುವ ತಾಮ್ರ ಗಾಳಿಗೆ ಕಪ್ಪಾಗಿ, ಸಂದುಗಳಲ್ಲಿ ಹಸಿರು ಕಿಲುಬು ಕಟ್ಟಿ, ಇಡೀ ಚೌಕಟ್ಟು ಕಂದುಗಟ್ಟುತ್ತದೆ. ಲಿಯಾನ್ ನಗರದ ಹೊರವಲಯದ ಹಳೆ ಸಾಮಾನುಗಳ ಸಂತೆಯಲ್ಲಿ ನಾನು ಕೊಂಡ ಕನ್ನಡಿ ಇದೇ ಸ್ಥಿತಿಯಲ್ಲಿತ್ತು. ಎತ್ತರ ಒಂದು ಮೀಟರಿಗೆ ತುಸು ಹೆಚ್ಚು, ಅಗಲ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನೇರವಾದ ಚೌಕಟ್ಟು, ಒಳ ಅಂಚಿಗೆ ಮುತ್ತಿನ ಸಾಲು, ಹೊರ ಅಂಚಿಗೆ ಎಲೆಗಳ ಸಾಲು. ನೆತ್ತಿಯ ಮೇಲೆ ಪ್ರತ್ಯೇಕವಾಗಿ ಕೆತ್ತಿ ಕೂರಿಸಿದ ಕಿರೀಟ: ಬಾಣ ತುಂಬಿದ ಬತ್ತಳಿಕೆ, ಉರಿಯುವ ಪಂಜು, ಎರಡು ಪಾರಿವಾಳ, ಇವನ್ನೆಲ್ಲ ಕಟ್ಟಿ ಹಿಡಿದ ರಿಬ್ಬನ್ನಿನ ಗಂಟು. ಎಡಗಡೆಯ ಪಾರಿವಾಳದ ರೆಕ್ಕೆಯ ತುದಿ ಇರಲಿಲ್ಲ, ರಿಬ್ಬನ್ನಿನ ಒಂದು ಬಾಲ ಮಾಯವಾಗಿತ್ತು, ಕೆಳಗಿನ ಪಟ್ಟಿ ಹುಳು ತಿಂದು ಹಗುರವಾಗಿತ್ತು.

ಬತ್ತಳಿಕೆ, ಪಂಜು, ಪಾರಿವಾಳ ಮೂರೂ ಒಟ್ಟಿಗೆ ಕಂಡರೆ ಅದು 16ನೇ ಲೂಯಿಯ ಕಾಲದ ಅಭಿರುಚಿ ಎಂದು ಹೇಳಿಬಿಡುವುದು ಸುಲಭ. ಅವನು ಪಟ್ಟಕ್ಕೆ ಬಂದದ್ದು 1774ರಲ್ಲಿ. ಅದಕ್ಕೆ ಹಿಂದಿನ ಆಳ್ವಿಕೆಯ ಬಾಗು ಬಳುಕು, ಚಿಪ್ಪಿನಾಕಾರ, ಒಂದು ಮಗ್ಗುಲಿಗೆ ವಾಲಿದ ಬಳ್ಳಿಗಳೆಲ್ಲ ಹಿಂದೆ ಸರಿದು ನೇರ ಗೆರೆ, ಮುತ್ತಿನ ಸಾಲು, ಎಡಬಲ ಸಮನಾದ ಅಲಂಕಾರ ಬಂದದ್ದು ಆ ಹೊತ್ತಿಗೆ. ಆದರೆ ಇಷ್ಟನ್ನೇ ನಂಬಿ ದುಡ್ಡು ಕೊಡುವ ಹಾಗಿಲ್ಲ. 19ನೇ ಶತಮಾನದ ಮಧ್ಯದಲ್ಲಿ, 3ನೇ ನೆಪೋಲಿಯನ್ನನ ಕಾಲದಲ್ಲಿ, ಇದೇ ಶೈಲಿ ಮತ್ತೆ ಚಾಲ್ತಿಗೆ ಬಂತು. ಅವನ ರಾಣಿ ಯೂಜೆನಿಗೆ 16ನೇ ಲೂಯಿಯ ರಾಣಿ ಮಾರಿ ಆಂತ್ವಾನೆತ್ ಎಂದರೆ ವಿಪರೀತ ಮೋಹ. ಹೀಗಾಗಿ ಅಂಗಡಿಗಳಲ್ಲಿ 16ನೇ ಲೂಯಿಯ ಹೆಸರಿನಲ್ಲಿ ಮಾರುವ ಕನ್ನಡಿಗಳಲ್ಲಿ ಎಷ್ಟೋ ಅವನ ತಲೆ ಉರುಳಿ ಅರವತ್ತು ಎಪ್ಪತ್ತು ವರ್ಷಗಳಾದ ಮೇಲೆ ಹುಟ್ಟಿದವು. ಅವುಗಳಲ್ಲಿ ಬಹುಪಾಲು ಅಲಂಕಾರ ಕೆತ್ತಿದ್ದಲ್ಲ. ಸೀಮೆಸುಣ್ಣ, ಸರೇಸು ಎಂಬ ಪ್ರಾಣಿಜನ್ಯ ಅಂಟು, ಕಾಗದದ ತಿರುಳು ಕಲಸಿ ಅಚ್ಚಿಗೆ ಒತ್ತಿ ಮರದ ಮೇಲೆ ಅಂಟಿಸಿದ್ದು.

ಕೆತ್ತನೆಯೋ ಅಚ್ಚೋ ಎಂದು ತಿಳಿಯಲು ನಾನು ಮೊದಲು ನೋಡುವುದು ಮುತ್ತಿನ ಸಾಲನ್ನು. ಅಚ್ಚಿನ ಮುತ್ತುಗಳೆಲ್ಲ ಒಂದೇ ಅಳತೆ; ಹಳತಾದ ಮೇಲೆ ಸಾಲಿಗೆ ಅಡ್ಡಲಾಗಿ ಹೆಚ್ಚುಕಡಿಮೆ ಸಮ ಅಂತರದಲ್ಲಿ ಬಿರುಕು ಬಿಡುತ್ತವೆ. ಈ ಕನ್ನಡಿಯಲ್ಲಿ ಹಾಗಿರಲಿಲ್ಲ. ಬಲಗಡೆಯ ಉದ್ದ ಪಟ್ಟಿಯಲ್ಲಿ ಕೆತ್ತನೆಗಾರ ಮೇಲಿನಿಂದ ಇಳಿಯುತ್ತ ಬಂದಿದ್ದಾನೆ. ಕೆಳಗಿನ ಮೂಲೆ ಒಂದು ಗೇಣಿರುವಾಗ ಜಾಗ ಸಾಲದೆಂದು ಗೊತ್ತಾಗಿದೆ. ಅಲ್ಲಿಂದ ಮುಂದೆ ಮುತ್ತುಗಳನ್ನು ಒಂದೊಂದು ಕೂದಲೆಳೆಯಷ್ಟು ಇಕ್ಕಟ್ಟು ಮಾಡುತ್ತ ಹೋಗಿದ್ದಾನೆ, ಕೊನೆಯದು ಮಾತ್ರ ಅಂಡಾಕಾರಕ್ಕೆ ತಿರುಗಿದೆ. ಆ ಅಂಡಾಕಾರದ ಮುತ್ತನ್ನು ಕಂಡ ಮೇಲೆಯೇ ನಾನು ಚೌಕಾಸಿಗೆ ಇಳಿದದ್ದು. ಹಿಂಬದಿ ನೋಡಿದರೆ ಕೈಯಿಂದ ಎಳೆದ ಗರಗಸದ ನೇರ ಗೀರುಗಳಿದ್ದವು, ಯಂತ್ರದ ಚಕ್ರಗರಗಸ ಬಿಡುವ ಕಮಾನು ಗೀರುಗಳಿರಲಿಲ್ಲ. ಮೊಳೆಗಳು ಕುಲುಮೆಯಲ್ಲಿ ಬಡಿದವು, ತಲೆ ಒರಟು. ಮೂಲೆಗಳಲ್ಲಿ ಒಂದು ಪಟ್ಟಿಯ ಮೂತಿಯನ್ನು ಇನ್ನೊಂದರ ಗೂಡಿಗೆ ತೂರಿಸಿ ಮರದ ಗೂಟ ಹೊಡೆದಿದ್ದರು.

ಇನ್ನು ಗಾಜು. ಕೀಲಿಕೈಯ ತುದಿಯನ್ನು ಗಾಜಿಗೆ ತಾಗಿಸಿದಾಗ ತುದಿಗೂ ಪ್ರತಿಬಿಂಬಕ್ಕೂ ನಡುವೆ ಇರುವ ಅಂತರದಿಂದ ಗಾಜಿನ ದಪ್ಪ ಗೊತ್ತಾಗುತ್ತದೆ. ಇಲ್ಲಿ ಅಂತರ ಬಲು ಕಡಿಮೆ. ಬಿಳಿ ಕಾಗದ ಹಿಡಿದರೆ ಪ್ರತಿಬಿಂಬ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಓರೆಯಾಗಿ ನೋಡಿದರೆ ಗಾಜಿನ ಮೈ ಸಣ್ಣಗೆ ಅಲೆಯುತ್ತಿತ್ತು. ಕೆಳಗಿನ ಅಂಚಿನಲ್ಲಿ ಸಕ್ಕರೆ ಹರಳಿನಂಥ ಮಿನುಗು ಎದ್ದಿತ್ತು. ತವರ ಮತ್ತು ಪಾದರಸದ ಲೇಪ ಹಳತಾದಾಗ ಬರುವ ಲಕ್ಷಣ ಅದು. ಬೆಳ್ಳಿಯ ಲೇಪದ ಕನ್ನಡಿ ಹಾಳಾಗುವ ರೀತಿಯೇ ಬೇರೆ: ಅದು ಅಂಚಿನಿಂದ ಕಂದು ಕಪ್ಪು ಕಲೆಯಾಗಿ ಹಬ್ಬುತ್ತದೆ. ರಾಸಾಯನಿಕ ವಿಧಾನದಿಂದ ಗಾಜಿಗೆ ಬೆಳ್ಳಿ ಹಿಡಿಸಬಹುದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ತೋರಿಸಿದ್ದು 1835ರಲ್ಲಿ, ಅದು ಕಾರ್ಖಾನೆಗಳಿಗೆ ಬಂದದ್ದು ಇನ್ನೂ ತಡವಾಗಿ. ಅದಕ್ಕೆ ಮುಂಚೆ ಕಲ್ಲಿನ ಹಾಸಿನ ಮೇಲೆ ತವರದ ತಗಡು ಹಾಸಿ, ಮೇಲೆ ಪಾದರಸ ಸುರಿದು, ಗಾಜನ್ನು ನಿಧಾನವಾಗಿ ಅದರ ಮೇಲೆ ಜಾರಿಸಿ, ಭಾರ ಹೇರಿ, ಹೆಚ್ಚಿನ ಪಾದರಸ ಇಳಿದುಹೋಗಲೆಂದು ವಾರಗಟ್ಟಲೆ ಓರೆಯಾಗಿ ನಿಲ್ಲಿಸುತ್ತಿದ್ದರು. ಆ ಕೆಲಸ ಮಾಡಿದವರ ಆರೋಗ್ಯ ಏನಾಯಿತೆಂದು ಊಹಿಸುವುದು ಕಷ್ಟವಲ್ಲ.

ಸಂತೆಯ ವ್ಯಾಪಾರಿ ಉಪಕಾರ ಮಾಡುವ ದನಿಯಲ್ಲಿ, ಗಾಜು ಮಸುಕಾಗಿದೆ, ಮನೆಗೆ ಹೋಗುತ್ತಲೇ ಹೊಸದು ಹಾಕಿಸಿಬಿಡಿ ಎಂದರು. ಈ ಸಲಹೆ ಫ್ರಾನ್ಸಿನಲ್ಲಿ ಎಷ್ಟು ಹಳೆಯ ಕನ್ನಡಿಗಳ ಅರ್ಧ ಜೀವ ತೆಗೆದಿದೆಯೋ. ಈ ಕನ್ನಡಿ ಹುಟ್ಟಿದ ಕಾಲದಲ್ಲಿ ಗಾಜೇ ಬೆಲೆಬಾಳುವ ವಸ್ತು. ಕನ್ನಡಿ ಗಾಜಿಗಾಗಿ ವೆನಿಸ್ಸಿಗೆ ಹಣ ಸುರಿಯುವುದು ತಪ್ಪಲಿ ಎಂದು 14ನೇ ಲೂಯಿಯ ಮಂತ್ರಿ ಕೋಲ್ಬೇರ್ 1665ರಲ್ಲಿ ಅರಮನೆಯ ಆಶ್ರಯದಲ್ಲಿ ಕಾರ್ಖಾನೆ ಮಾಡಿಸಿದ. ವೆನಿಸ್ಸಿನ ಮುರಾನೊ ದ್ವೀಪದ ಕೆಲಸಗಾರರನ್ನು ಗುಟ್ಟಾಗಿ ಕರೆಸಿಕೊಂಡ. ವರ್ಸೈ ಅರಮನೆಯ ಕನ್ನಡಿ ಹಜಾರದ 17 ಕಮಾನುಗಳಿಗೆ 357 ಗಾಜುಗಳನ್ನು ಜೋಡಿಸಿದ್ದು ಆ ಉದ್ಯಮದ ಜಾಹೀರಾತೇ ಸರಿ. ಒಂದೊಂದು ಕಮಾನಿಗೆ ಅಷ್ಟೊಂದು ತುಂಡು ಬೇಕಾದದ್ದು ಊದಿ ಮಾಡಿದ ಗಾಜು ದೊಡ್ಡದಾಗಿ ಸಿಗುತ್ತಿರಲಿಲ್ಲವೆಂದು. ಕರಗಿದ ಗಾಜನ್ನು ಲೋಹದ ಮೇಜಿನ ಮೇಲೆ ಸುರಿದು ಉರುಳೆಯಿಂದ ಚಪ್ಪಟೆ ಮಾಡುವ ವಿಧಾನ 1680ರ ದಶಕದ ಕೊನೆಗೆ ಬಂತು. ಆ ಕೆಲಸ ನೆಲೆಯೂರಿದ ಹಳ್ಳಿಯ ಹೆಸರೇ ಇಂದು ಬೆಂಗಳೂರಿನ ಗಾಜಿನ ಅಂಗಡಿಗಳ ಫಲಕಗಳ ಮೇಲೂ ಕಾಣುವ ಸೇಂಟ್ ಗೋಬೇನ್. ಇಷ್ಟು ಚರಿತ್ರೆ ಹೊತ್ತ ಗಾಜನ್ನು ಮುಖಕ್ಷೌರಕ್ಕೆ ಅನುಕೂಲವಾಗಲೆಂದು ಕಿತ್ತೆಸೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮುಖ ನೋಡಿಕೊಳ್ಳಲು ಬಚ್ಚಲಲ್ಲಿ ಬೇರೆ ಕನ್ನಡಿ ಇದೆ.

ಆದರೆ ಮರದ ಕೆಲಸಕ್ಕೆ ಗಾಜನ್ನು ತಾತ್ಕಾಲಿಕವಾಗಿ ಹೊರಗೆ ತೆಗೆಯಲೇಬೇಕಿತ್ತು. ಪಾದರಸದ ಕನ್ನಡಿಯನ್ನು ಬಿಚ್ಚುವವರು ಕೆಲವು ವಿಷಯಗಳಲ್ಲಿ ರಾಜಿ ಮಾಡಿಕೊಳ್ಳಬಾರದು. ಕಿಟಕಿ ತೆರೆದಿರಬೇಕು, ಕೋಣೆ ತಣ್ಣಗಿರಬೇಕು, ಕೈಗೆ ನೈಟ್ರೈಲ್ ಕೈಗವಸು ಬೇಕು. ಲೇಪದ ಬೆನ್ನನ್ನು ಒರೆಸುವುದು, ಕೆರೆಯುವುದು ಕೂಡದು. ಗಾಜನ್ನು ತಲೆಕೆಳಗು ಮಾಡಬಾರದು. ಇನ್ನೂರು ವರ್ಷಗಳಿಂದ ಪಾದರಸ ಕೆಳ ಅಂಚಿನ ಕಡೆಗೆ ಇಳಿದಿರುತ್ತದೆ. ತಿರುಗಿಸಿ ನಿಲ್ಲಿಸಿದರೆ ಅದು ಲೇಪದ ಮೇಲೆ ಹಾಯುತ್ತ ಹೊಸ ಜಾಗಗಳನ್ನು ಕೆಡಿಸುತ್ತದೆ. ಹಲಗೆ ಬಿಚ್ಚಿದಾಗ ಕೆಳಗಿನ ತೋಡಿನ ಧೂಳಿನಲ್ಲಿ ಸಾಸಿವೆಗಿಂತ ಚಿಕ್ಕ ಪಾದರಸದ ಹನಿಗಳು ಕಂಡವು. ಅವನ್ನು ಪಿಪೆಟ್ಟಿನಿಂದ ಎಳೆದು ಬಿಗಿ ಮುಚ್ಚಳದ ಸೀಸೆಗೆ ಹಾಕಿ, ನಗರಾಡಳಿತದ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಿದೆ. ನಿರ್ವಾತ ಕ್ಲೀನರ್ ಇಂಥಲ್ಲಿ ಮುಟ್ಟಲೇಬಾರದ ವಸ್ತು, ಹನಿಯನ್ನು ಹೀರಿ ಅದರ ಆವಿಯನ್ನು ಕೋಣೆ ತುಂಬ ಊದಿಬಿಡುತ್ತದೆ. ಗಾಜಿನ ಹಿಂಬದಿಗೆ ಮೇಲು ಕೆಳಗು ಗುರುತಿನ ಚೀಟಿಯನ್ನು ಅಂಚಿಗೆ ಕಟ್ಟಿ, ಪಾಲಿಥೀನ್ ಹೊದಿಸಿ, ಯಾರೂ ಓಡಾಡದ ಗೋಡೆಗೆ ನೆಟ್ಟಗೆ ನಿಲ್ಲಿಸಿದೆ.

ಹುಳುವಿನ ಕತೆ ಚಿಕ್ಕದು. ರಂಧ್ರಗಳು ಒಂದರಿಂದ ಎರಡು ಮಿಲಿಮೀಟರ್, ಕೆಳಗೆ ಕಪ್ಪು ಕಾಗದ ಹಾಸಿ ಇಟ್ಟರೂ ಹೊಸ ಹುಡಿ ಬೀಳಲಿಲ್ಲ. ಕುಟ್ಟೆಹುಳು ಎಂದೋ ಊರು ಬಿಟ್ಟಿತ್ತು. ತಿಂದು ಜೊಳ್ಳಾದ ಕೆಳಪಟ್ಟಿಗೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ತೆಳ್ಳಗೆ ಕರಗಿಸಿ ಹಿಂಬದಿಯ ರಂಧ್ರಗಳ ಮೂಲಕ ಸಿರಿಂಜಿನಿಂದ ಕುಡಿಸಿದೆ. ಮುಂಬದಿಯಿಂದ ಕುಡಿಸಿದ್ದರೆ ಚಿನ್ನದ ಮೇಲೆ ಹರಿದು ಹೊಳಪಿನ ಪೊರೆ ಕಟ್ಟುತ್ತಿತ್ತು. ಸಡಿಲವಾದ ಮೂಲೆಗಳ ಹಳೆಯ ಸರೇಸನ್ನು ಬಿಸಿನೀರಿನ ಹನಿಯಿಂದ ಮೆತ್ತಗೆ ಮಾಡಿ ತೆಗೆದು, ಅದೇ ಜಾತಿಯ ಹೊಸ ಸರೇಸು ಹಚ್ಚಿ, ಅದೇ ಗೂಟಗಳನ್ನು ಮತ್ತೆ ಹೊಡೆದೆ.

ಈಗ ಕಷ್ಟದ ಭಾಗ. ಚಿನ್ನ ನೇರವಾಗಿ ಮರದ ಮೇಲೆ ಕೂತಿರುವುದಿಲ್ಲ. ಮರದ ಮೇಲೆ ಸೀಮೆಸುಣ್ಣ ಮತ್ತು ಸರೇಸಿನ ಹತ್ತಾರು ಪದರಗಳ ಬಿಳಿ ಮೈ, ಅದರ ಮೇಲೆ ಹಳದಿ ಮಣ್ಣಿನ ತೆಳು ಲೇಪ, ಅದರ ಮೇಲೆ ಕೆಮ್ಮಣ್ಣು, ಕೊನೆಗೆ ಚಿನ್ನದ ರೇಕು. ಮರ ಮಳೆಗಾಲ ಚಳಿಗಾಲಕ್ಕೆ ಹಿಗ್ಗಿ ಕುಗ್ಗುತ್ತದೆ, ಬಿಳಿ ಮೈ ಹಿಗ್ಗುವುದಿಲ್ಲ. ಹೀಗಾಗಿ ಎರಡೂ ಬೇರ್ಪಟ್ಟು ಹಕ್ಕಳೆ ಏಳುತ್ತದೆ. ನಮ್ಮ ಮೈಸೂರು ಚಿತ್ರಗಳಲ್ಲೂ ಆಭರಣ, ಕಂಬ, ಪ್ರಭಾವಳಿಗಳ ಚಿನ್ನದ ರೇಕಿನಡಿ ಸಫೇದವೆಂಬ ಬಿಳಿ ಪುಡಿಯ ಉಬ್ಬುಕೆಲಸ ಇರುತ್ತದೆ. ಹಳೆಯ ಚಿತ್ರಗಳಲ್ಲಿ ಆ ಉಬ್ಬು ಬಿರಿದಿರುವುದನ್ನು ಕಂಡವರಿಗೆ ಈ ತೊಂದರೆ ಹೊಸದಲ್ಲ. ಎದ್ದ ಹಕ್ಕಳೆಗಳನ್ನು ಭದ್ರಪಡಿಸುವ ಕೆಲಸವನ್ನು ಬಣ್ಣ ತೆಗೆಯುವ ಮೊದಲೇ ಮುಗಿಸಬೇಕು. ಕಾರಣ ಸರಳ: ಸರೇಸಿನಲ್ಲಿ ನೀರಿದೆ, ನೀರು ತಾಗಿದರೆ ಈ ಬಗೆಯ ಚಿನ್ನ ಎದ್ದು ಬರುತ್ತದೆ. ಹಿತ್ತಾಳೆ ಬಣ್ಣ ಮೇಲಿರುವಷ್ಟು ಹೊತ್ತು ಅದೇ ಚಿನ್ನಕ್ಕೆ ಕೊಡೆ. ನನ್ನ ಶತ್ರುವಿನಿಂದ ನಾನು ಪಡೆದ ಉಪಕಾರ ಇದೊಂದೇ. ಬಿರುಕಿನೊಳಗೆ ಮೊದಲು ಒಂದು ಹನಿ ಮದ್ಯಸಾರ ಬಿಟ್ಟೆ, ಹಿಂದೆಯೇ ಸ್ಟರ್ಜನ್ ಮೀನಿನ ಗಾಳಿಚೀಲದಿಂದ ಮಾಡಿದ ತೆಳು ಸರೇಸನ್ನು ಬೆಚ್ಚಗೆ ಹರಿಸಿದೆ. ಮದ್ಯಸಾರ ದಾರಿ ಮಾಡಿಕೊಟ್ಟರೆ ಸರೇಸು ಒಳಗೆ ಸಲೀಸಾಗಿ ಇಳಿಯುತ್ತದೆ. ಮೇಲೆ ಜಪಾನಿ ಕಾಗದದ ಚೂರು ಇಟ್ಟು, ಬೆಚ್ಚನೆಯ ಸಣ್ಣ ಕರಣೆಯಿಂದ ಒತ್ತಿ ಹಿಡಿದೆ.

ಬಣ್ಣ ತೆಗೆಯಲು ಯಾವ ದ್ರಾವಕ ಎಂಬುದನ್ನು ಪುಸ್ತಕ ಹೇಳುವುದಿಲ್ಲ, ಚೌಕಟ್ಟೇ ಹೇಳಬೇಕು. ಕೆಳಪಟ್ಟಿಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿ ಸುತ್ತಿದ ಕಡ್ಡಿಗಳಿಂದ ಒಂದೊಂದನ್ನೇ ಪರೀಕ್ಷಿಸಿದೆ. ಟರ್ಪೆಂಟೈನ್ ಬದಲಿಗೆ ಬಳಸುವ ವೈಟ್ ಸ್ಪಿರಿಟ್ ಮೇಲಿನ ಮೇಣ ಮತ್ತು ಹೊಗೆಯನ್ನು ತೆಗೆಯಿತೇ ಹೊರತು ಬಣ್ಣ ಕದಲಲಿಲ್ಲ. ಮದ್ಯಸಾರ ಬಣ್ಣವನ್ನು ಸ್ವಲ್ಪ ಮೆತ್ತಗೆ ಮಾಡಿತು. ಆದರೆ ಅದನ್ನು ಮುಂದುವರಿಸಲು ನಾನು ಒಪ್ಪಲಿಲ್ಲ, ಏಕೆಂದರೆ 18ನೇ ಶತಮಾನದ ಕುಶಲಕರ್ಮಿಗಳು ಚಿನ್ನಕ್ಕೆ ಬಿಸುಪು ಬರಲೆಂದು ಸಂದುಗಳಲ್ಲಿ ಕೆಂಪು ಹಳದಿಯ ತೆಳು ಬಣ್ಣನೀರು ಓಡಿಸುತ್ತಿದ್ದರು, ಅಂಥ ಸೂಕ್ಷ್ಮ ಲೇಪಗಳು ಮದ್ಯಸಾರಕ್ಕೆ ಕರಗಿಹೋಗಬಹುದು. ಅಸಿಟೋನ್ ತಾಗಿದ ಕೂಡಲೇ ಹತ್ತಿ ಕಂದು ಹಸಿರಾಯಿತು. ಬಣ್ಣದ ಅಂಟು ನೈಟ್ರೊಸೆಲ್ಯುಲೋಸ್ ಇದ್ದಿರಬೇಕು, ಅಂದರೆ 20ನೇ ಶತಮಾನದ ಡಬ್ಬಿ. ಅಸಿಟೋನಿನಲ್ಲಿ ಸರೇಸು ಕರಗುವುದಿಲ್ಲ, ಹಾಗಾಗಿ ಕೆಳಗಿನ ಚಿನ್ನಕ್ಕೆ ಭಯವಿಲ್ಲ. ಅದರ ದೋಷವೆಂದರೆ ಆರುವ ಅವಸರ. ಹಚ್ಚಿದ್ದು ಬಣ್ಣಕ್ಕೆ ಇಳಿಯುವ ಮೊದಲೇ ಗಾಳಿಗೆ ಹಾರಿಹೋಗುತ್ತದೆ. ಅದನ್ನು ಲೋಳೆಯಾಗುವಂತೆ ಗಟ್ಟಿ ಮಾಡಿ, ಅಂಗೈ ಅಗಲದ ಜಾಗಕ್ಕೆ ಹಚ್ಚಿ, ಪಾಲಿಯೆಸ್ಟರ್ ಹಾಳೆ ಮುಚ್ಚಿ ಬಿಟ್ಟರೆ ಬಣ್ಣ ಉಬ್ಬಿ ಮೆತ್ತಗಾಗುತ್ತದೆ. ನಂತರ ಕೆರೆಯುವ ಮಾತಿಲ್ಲ, ಹತ್ತಿಯನ್ನು ಉರುಳಿಸಬೇಕು. ಉಜ್ಜಿದರೆ ಹಿತ್ತಾಳೆ ಪುಡಿಯೇ ಉಜ್ಜುಕಾಗದದ ಕೆಲಸ ಮಾಡಿ ಚಿನ್ನವನ್ನು ಗೀರಿಬಿಡುತ್ತದೆ.

ಬತ್ತಳಿಕೆಯ ಮೇಲೆ ಮೊದಲ ಕಿಟಕಿ ತೆರೆಯಿತು. ಬೆಳಕು ಬೀಳುವ ಉಬ್ಬುಗಳಲ್ಲಿ ಒಪ್ಪ ಹಾಕಿದ ಚಿನ್ನ, ಉಜ್ಜಿ ಸವೆದ ಕಡೆ ಕೆಮ್ಮಣ್ಣಿನ ಕೆಂಪು, ತಗ್ಗುಗಳಲ್ಲಿ ಒಪ್ಪ ಹಾಕದೆ ಬಿಟ್ಟ ಮಂದ ಚಿನ್ನ. ಹೊಳೆಯುವುದು ಮತ್ತು ಮಂದವಾಗಿರುವುದು ಅಕ್ಕಪಕ್ಕ ನಿಂತಾಗಲೇ ಫ್ರೆಂಚ್ ಚೌಕಟ್ಟಿನ ಕೆತ್ತನೆ ಎದ್ದು ಕಾಣುವುದು. ಒಂದೇ ಡಬ್ಬಿಯ ಬಣ್ಣ ಬಳಿದಾಗ ಮೊದಲು ಸಾಯುವುದು ಈ ಭೇದ. ಪಾರಿವಾಳದ ಎದೆಯ ಮೇಲಿನ ಗರಿಗಳ ನಡುವೆ ಕೂದಲಿನಷ್ಟು ಸಪೂರವಾದ ಗೆರೆಗಳಿದ್ದವು. ಬಣ್ಣದಡಿ ಅವು ಇದ್ದವೆಂಬ ಸುಳಿವೇ ಇರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅವು ಮರಕ್ಕೆ ಕೆತ್ತಿದ ಗೆರೆಗಳಲ್ಲ, ಬಿಳಿ ಮೈಗೆ ಕೊರೆದವು. ಕೆತ್ತನೆಗಾರ ಮರದಲ್ಲಿ ಮಾಡಿದ ಸೂಕ್ಷ್ಮವೆಲ್ಲ ಬಿಳಿ ಪದರಗಳಡಿ ಮುಳುಗುತ್ತದೆ; ಅದನ್ನು ಕೊಕ್ಕೆಯಾಕಾರದ ಸಣ್ಣ ಉಕ್ಕಿನ ಸಲಕರಣೆಗಳಿಂದ ಬಿಳಿ ಮೈಯಲ್ಲಿ ಮತ್ತೊಮ್ಮೆ ಕೆತ್ತುತ್ತಾರೆ. ಫ್ರೆಂಚ್ ಕೆಲಸದ ಚೂಪು ಮರದ್ದಲ್ಲ, ಈ ಎರಡನೇ ಕೆತ್ತನೆಯದು. ಬಿಳಿ ಮೈ ಒಡೆದಿದೆಯೆಂದು ಎಲ್ಲವನ್ನೂ ನೀರಲ್ಲಿ ತೊಳೆದು ಮರ ಬರಿದು ಮಾಡಿ ಹೊಸದಾಗಿ ಚಿನ್ನ ಹಾಕುವ ಅಂಗಡಿಗಳಿವೆ. ಅವರು ತೊಳೆದು ಮೋರಿಗೆ ಬಿಡುವುದು ಇದನ್ನೇ.

ಬಣ್ಣ ಪೂರ್ತಿ ತೆಗೆದ ಮೇಲೆ ಲೆಕ್ಕ ಸಿಕ್ಕಿತು. ಕಿರೀಟ, ಮೇಲಿನ ಪಟ್ಟಿ, ಎರಡೂ ಉದ್ದ ಪಟ್ಟಿಗಳಲ್ಲಿ ಮೂಲ ಚಿನ್ನ ಬಹುಪಾಲು ಉಳಿದಿತ್ತು, ಸವೆದಿದ್ದರೂ ಓದುವಂತಿತ್ತು. ಕೆಳಪಟ್ಟಿಯಲ್ಲಿ ಮಾತ್ರ ಬಹುಭಾಗ ಹೋಗಿತ್ತು. ಯಾರೋ ಒದ್ದೆ ಬಟ್ಟೆಯಿಂದ ಗಾಜು ಒರೆಸುತ್ತ ಬಂದ ಫಲ ಅದು. ನೀರು ಇಳಿದು ನಿಲ್ಲುವುದು ಅಲ್ಲೇ ತಾನೆ. ನಾನು ಹೊಸ ಚಿನ್ನ ಹಾಕಲು ತೀರ್ಮಾನಿಸಿದ್ದು ಕೆಳಪಟ್ಟಿಯ ಬೋಳು ಜಾಗಗಳಿಗೆ ಮತ್ತು ಹೊಸದಾಗಿ ಕೆತ್ತುವ ಎರಡು ತುಂಡುಗಳಿಗೆ. ಉಳಿದೆಡೆ ಕೆಂಪು ಕಂಡರೆ ಕಾಣಲಿ.

ಕೆತ್ತನೆಗೆ ಮೂಲದವರು ಬಳಸಿದ ಲಿಂಡೆನ್ ಮರವೇ ಬೇಕಿತ್ತು. ಮೃದು, ಎಳೆ ಒತ್ತಾಗಿದೆ, ಯಾವ ದಿಕ್ಕಿಗೆ ಉಳಿ ತಿರುಗಿಸಿದರೂ ಸಿಬಿರೇಳುವುದಿಲ್ಲ. ರೆಕ್ಕೆಯ ತುದಿಗೆ ಬಲಗಡೆಯ ಪಾರಿವಾಳ ಮಾದರಿಯಾಯಿತು, ಜೇಡಿಮಣ್ಣಿನಲ್ಲಿ ಮೊದಲು ಒಂದು ಕರಡು ಮಾಡಿ ನೋಡಿದೆ. ಎರಡೂ ಹಕ್ಕಿಗಳು ಕನ್ನಡಿಯ ಬಿಂಬದಂತೆ ಒಂದೇ ಅಲ್ಲ. ಎಡಗಡೆಯದು ಕತ್ತನ್ನು ಸ್ವಲ್ಪ ಹೆಚ್ಚು ತಿರುಗಿಸಿದೆ, ಅದರ ರೆಕ್ಕೆಯ ಎತ್ತರವೂ ಬೇರೆ. ಮುರಿದ ಅಂಚನ್ನು ನಯಗೊಳಿಸಿ ಸಮ ಮಾಡಿಕೊಳ್ಳುವ ಆಸೆ ಬರುತ್ತದೆ, ಅದಕ್ಕೆ ಬಲಿಯಾಗಬಾರದು. ಹಳೆಯ ಮುರಿತ ಹೇಗಿದೆಯೋ ಹಾಗೇ ಬಿಟ್ಟು, ಹೊಸ ತುಂಡನ್ನು ಅದಕ್ಕೆ ಒಪ್ಪುವಂತೆ ಸವರಿ ಕೂರಿಸಬೇಕು. ರಿಬ್ಬನ್ನಿನ ಬಾಲಕ್ಕೆ ಮಾದರಿ ಇನ್ನೊಂದು ಬಾಲವೇ. ಕೆಳಗಿನ ಎಲೆಸಾಲಿನಲ್ಲಿ ಮೂರ್ನಾಲ್ಕು ಎಲೆಗಳ ತುದಿ ಉದುರಿವೆ. ಅವನ್ನು ಕೆತ್ತಲಿಲ್ಲ, ಎರಡಡಿ ದೂರದಿಂದ ಕಣ್ಣಿಗೆ ಬೀಳುವುದೂ ಇಲ್ಲ.

ಪ್ಯಾರಿಸ್ಸಿನ ವಾತ್ಯಾಂ ಎಂಬ ಕುಶಲಕರ್ಮಿ 1770ರ ದಶಕದಲ್ಲಿ ನೀರಿನ ಚಿನ್ನಗೆಲಸವನ್ನು, ಅಂದರೆ ನೀರು ಓಡಿಸಿ ರೇಕು ಕೂರಿಸುವ ಈ ಬಗೆಯನ್ನು, ಹಂತಹಂತವಾಗಿ ಬರೆದಿಟ್ಟ. ಅವನ ಲೆಕ್ಕಕ್ಕೆ ಒಟ್ಟು 17 ಹಂತ. ಮೊದಲ ಲೇಪದ ಸರೇಸಿಗೆ ಬೆಳ್ಳುಳ್ಳಿ ಬೇಯಿಸಿ ಸೇರಿಸಬೇಕೆನ್ನುತ್ತಾನೆ. ನಾನು ಬೆಳ್ಳುಳ್ಳಿಯನ್ನು ಸಾರಿಗೆ ಉಳಿಸಿಕೊಂಡು, ಮೊಲದ ಚರ್ಮದ ಸರೇಸಿನ ಹರಳುಗಳನ್ನು ಒಂದಕ್ಕೆ ಹತ್ತರಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ಅವು ಊದಿಕೊಂಡು ಪಾರದರ್ಶಕವಾಗಿರುತ್ತವೆ. ಪಾತ್ರೆಯನ್ನು ಇನ್ನೊಂದು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು, ಕುದಿಯಬಾರದು. ಕುದ್ದರೆ ಅಂಟು ಸತ್ತಂತೆ. ಮರಕ್ಕೆ ಬರಿಯ ಸರೇಸಿನ ಒಂದು ಕೈ. ನಂತರ ಫ್ರಾನ್ಸಿನಲ್ಲಿ ಮ್ಯುದೋನಿನ ಬಿಳಿ ಎಂದು ಮಾರುವ ನುಣ್ಣನೆ ಸೀಮೆಸುಣ್ಣವನ್ನು ಬೆಚ್ಚನೆ ಸರೇಸಿನ ಮೇಲೆ ಜರಡಿ ಹಿಡಿದು ಉದುರಿಸಿ, ಅದು ತಾನಾಗಿ ಮುಳುಗುವವರೆಗೆ ಕಾಯಬೇಕು. ಕಲಕಿದರೆ ಗುಳ್ಳೆ ಬಂದು, ಆರಿದ ಮೇಲೆ ಅವೇ ಸೂಜಿಮೊನೆಯಂಥ ತೂತುಗಳಾಗಿ ಚಿನ್ನದ ಮೇಲೂ ಕಾಣಿಸಿಕೊಳ್ಳುತ್ತವೆ. ಒಂದು ಪದರ ಪೂರ್ತಿ ಒಣಗಿ ಬಿರುಸಾಗುವ ಮೊದಲೇ ಮುಂದಿನದು ಬೀಳಬೇಕು, ಹಾಗಾದರೆ ಎಲ್ಲ ಪದರಗಳೂ ಒಂದೇ ಮೈಯಾಗುತ್ತವೆ. ಮೇಲಿನ ಪದರದ ಸರೇಸು ಕೆಳಗಿನದಕ್ಕಿಂತ ಬಲವಾಗಿದ್ದರೆ ಅದು ಆರುತ್ತ ಕೆಳಗಿನದನ್ನು ಎಳೆದು ಕೀಳುತ್ತದೆ. ಹಳೆಯ ಬಿಳಿ ಮೈಯ ಎತ್ತರಕ್ಕೆ ಸಮ ಬಂದ ಮೇಲೆ ಒದ್ದೆ ಬಟ್ಟೆಯ ತುದಿಯಿಂದ ನುಣುಪು ಮಾಡಿ, ಗರಿಗಳ ಗೆರೆಗಳನ್ನು ಕೊಕ್ಕೆಯಿಂದ ಕೊರೆದೆ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹೊತ್ತು ಇದು. ಬಿಳಿ ಮೈ ಕೊಕ್ಕೆಯಡಿ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ, ಮರದ ಎಳೆಯ ಹಂಗಿಲ್ಲದೆ ಕೈ ಎತ್ತ ಬೇಕೋ ಅತ್ತ ಹರಿಯುತ್ತದೆ.

ಹಳದಿ ಮಣ್ಣಿನ ಲೇಪಕ್ಕೆ ಒಂದು ಜಾಣತನವಿದೆ. ಆಳವಾದ ಸಂದುಗಳಿಗೆ ಚಿನ್ನದ ರೇಕು ಸರಿಯಾಗಿ ಇಳಿಯುವುದಿಲ್ಲ. ಕೆಳಗೆ ಹಳದಿ ಇದ್ದರೆ ಆ ಲೋಪ ಕಣ್ಣಿಗೆ ತಿಳಿಯುವುದಿಲ್ಲ. ಉಬ್ಬುಗಳಿಗೆ ಮಾತ್ರ ಕೆಮ್ಮಣ್ಣು. ಈ ಮಣ್ಣು ಬೆಣ್ಣೆಯಂತೆ ನುಣ್ಣಗಿರಬೇಕು, ಏಕೆಂದರೆ ಒಪ್ಪ ಹಾಕುವಾಗ ಚಿನ್ನದ ಜೊತೆ ಅದೂ ಒತ್ತಿಕೊಂಡು ಹೊಳಪಿಗೆ ಬರುತ್ತದೆ. ಮೂಲದ ಕೆಮ್ಮಣ್ಣು ತುಸು ಕಿತ್ತಳೆ ಕಡೆಗೆ ವಾಲುತ್ತಿದ್ದುದರಿಂದ ನನ್ನದಕ್ಕೆ ಚಿಟಿಕೆ ಹಳದಿ ಬೆರೆಸಿ ಹೊಂದಿಸಿಕೊಂಡೆ.

ಚಿನ್ನದ ರೇಕು 80 ಮಿಲಿಮೀಟರ್ ಚೌಕ, 25 ಹಾಳೆಗಳ ಪುಟ್ಟ ಪುಸ್ತಕವಾಗಿ ಬರುತ್ತದೆ. ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದೆರಡು ಭಾಗ. ಬೆಳಕಿಗೆ ಹಿಡಿದರೆ ಆಚೆಗಿನ ಬೆಳಕು ಹಸಿರಾಗಿ ತೋರುತ್ತದೆ. ಬಾಗಿಲು ಕಿಟಕಿ ಮುಚ್ಚಿ, ಮನೆಮಂದಿಗೆಲ್ಲ ಒಳಗೆ ಬರಬೇಡಿ ಎಂದು ಹೇಳಿ ಕೂರಬೇಕು. ಯಾರಾದರೂ ಬಾಗಿಲು ತೆರೆದರೆ ಆ ಗಾಳಿಗೆ ಹಾಳೆ ಮುದುಡಿ ಕಾಳಾಗುತ್ತದೆ. ಮೂರು ಕಡೆ ಕಾಗದದ ಗೋಡೆಯಿರುವ ಚರ್ಮದ ದಿಂಬಿನ ಮೇಲೆ ಹಾಳೆಯನ್ನು ಇಳಿಸಿ, ನಡುಮಧ್ಯಕ್ಕೆ ಒಂದೇ ಸಲ ಮೆಲ್ಲಗೆ ಊದಿದರೆ ಅದು ಚಪ್ಪಟೆಯಾಗಿ ಹಾಸಿಕೊಳ್ಳುತ್ತದೆ. ಹಲ್ಲಿಲ್ಲದ ಉದ್ದ ಚಾಕುವಿನಿಂದ ಬೇಕಾದ ಅಳತೆಗೆ ಕತ್ತರಿಸಿ, ಅಳಿಲಿನ ಕೂದಲ ಅಗಲ ಕುಂಚವನ್ನು ಒಮ್ಮೆ ಕೆನ್ನೆಗೆ ಸವರಿಕೊಂಡು ತುಂಡನ್ನು ಎತ್ತಬೇಕು. ಚರ್ಮದ ಜಿಡ್ಡಿನ ಆ ಲೇಶವೇ ಚಿನ್ನವನ್ನು ಹಿಡಿದಿಡಲು ಸಾಕು. ಕೆಮ್ಮಣ್ಣಿನ ಮೇಲೆ ತಣ್ಣೀರು ಓಡಿಸಿದ ಮರುಕ್ಷಣ ಹಾಳೆಯನ್ನು ಹತ್ತಿರ ತಂದರೆ ಕೈಯಿಂದ ಕಿತ್ತುಕೊಂಡಂತೆ ನೀರು ಅದನ್ನು ಎಳೆದುಕೊಳ್ಳುತ್ತದೆ. ಮಣ್ಣಿನಲ್ಲಿರುವ ಸರೇಸು ನೀರಿಗೆ ಎಚ್ಚೆತ್ತು ಚಿನ್ನವನ್ನು ಹಿಡಿಯುತ್ತದೆ, ಬೇರೆ ಅಂಟಿನ ಅಗತ್ಯವಿಲ್ಲ. ಹಾಕಿದ ಚಿನ್ನದ ಮೇಲೆ ನೀರು ಹರಿಯಬಾರದು, ಹರಿದರೆ ಕಲೆ ಉಳಿಯುತ್ತದೆ. ಹಾಗಾಗಿ ಮೇಲಿನಿಂದ ಕೆಳಕ್ಕೆ ಬರುವ ನಮ್ಮ ಗೋಡೆ ಬಳಿಯುವ ಕ್ರಮವೇ ಇಲ್ಲಿಯೂ ಸರಿ.

ಒಪ್ಪ ಹಾಕುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ. ನಾಯಿಹಲ್ಲಿನ ಆಕಾರದ ಅಗೇಟ್ ಕಲ್ಲಿನ ತುದಿಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಮಂದ ಶಬ್ದ ಬಂದರೆ ಒಳಗೆ ಇನ್ನೂ ತೇವವಿದೆ, ಉಜ್ಜಿದರೆ ಚಿನ್ನ ಕಿತ್ತು ಬರುತ್ತದೆ. ಟಕ್ ಎಂದು ಸ್ಪಷ್ಟವಾಗಿ ಬಂದರೆ ಕೆಲಸ ಶುರು ಮಾಡಬಹುದು. ತೀರ ಒಣಗಿಬಿಟ್ಟರೆ ಎಷ್ಟು ಉಜ್ಜಿದರೂ ಹೊಳಪು ಏಳುವುದಿಲ್ಲ. ಮೊದಲ ಸುತ್ತಿಗೆ ಕಲ್ಲಿನ ಭಾರವಷ್ಟೇ ಸಾಕು, ಆಮೇಲೆ ಕೈಯ ಒತ್ತಡ. ಮೂಲದಲ್ಲಿ ಯಾವ ಉಬ್ಬು ಹೊಳೆಯುತ್ತಿತ್ತೋ ಅದನ್ನಷ್ಟೇ ಉಜ್ಜಿ, ತಗ್ಗುಗಳಿಗೆ ತೆಳು ಸರೇಸಿನ ನೀರು ಸವರಿ ಮಂದವಾಗಿಯೇ ಬಿಟ್ಟೆ.

ಹೊಸ ಚಿನ್ನ ಹಳೆಯದರ ಪಕ್ಕ ನಿಂತಾಗ ಕಣ್ಣಿಗೆ ಚುಚ್ಚುತ್ತದೆ. ಅದನ್ನು ಮಣಿಸಲು ಹಲವರು ಕಂದು ಬಣ್ಣ ಎರಚುತ್ತಾರೆ, ಸಂದುಗಳಿಗೆ ಮಸಿ ತುಂಬುತ್ತಾರೆ, ನೊಣ ಕೂತ ಚುಕ್ಕೆಗಳನ್ನೂ ಬ್ರಷ್ಷಿನಿಂದ ಸಿಡಿಸುತ್ತಾರೆ. ನನಗೆ ಅದು ಮೋಸದ ಕಸುಬಿನಂತೆ ಕಾಣುತ್ತದೆ. ಹತ್ತಿಯ ಉಂಡೆಯಿಂದ ಉಬ್ಬುಗಳನ್ನು ಉಜ್ಜಿ ಕೆಂಪು ಇಣುಕುವಷ್ಟು ಸವೆಸಿದೆ, ತಗ್ಗುಗಳಿಗೆ ಬೂದು ಬಣ್ಣದ ತೆಳು ನೀರು ಒಂದು ಸಲ. ಹತ್ತಿರ ಬಂದು ನೋಡಿದವರಿಗೆ ಹೊಸದು ಯಾವುದು ಹಳೆಯದು ಯಾವುದು ಎಂದು ಗೊತ್ತಾಗಬೇಕು, ಗೊತ್ತಾಗುತ್ತದೆ. ಕಿರೀಟದ ಹಿಂದೆ ಯಾವ ತುಂಡು ನನ್ನದು, ಯಾವ ರಾಳ ಕುಡಿಸಿದ್ದೇನೆ, ಯಾವ ಸರೇಸು ಬಳಸಿದ್ದೇನೆ ಎಂದು ಬರೆದ ಕಾಗದವನ್ನು ಅಂಟಿಸಿದ್ದೇನೆ.

ಗಾಜು ಮೂಲ ದಿಕ್ಕಿನಲ್ಲೇ ಮರಳಿ ಬಂತು. ಅದರ ಭಾರ ಬರಿಯ ಮರದ ಮೇಲೆ ಬೀಳದಂತೆ ಕೆಳತೋಡಿನಲ್ಲಿ ಎರಡು ಕಾರ್ಕ್ ತುಂಡು, ಸುತ್ತ ತೆಳು ಫೆಲ್ಟ್ ಪಟ್ಟಿ, ಹಿಂದೆ ಲೇಪಕ್ಕೆ ತಾಗದಷ್ಟು ಅಂತರ ಬಿಟ್ಟು ಹಳೆಯ ಪೈನ್ ಹಲಗೆ. ಹಳೆಯ ಮೊಳೆಗಳನ್ನು ಮತ್ತೆ ಬಡಿಯಲಿಲ್ಲ, ಆ ಅದುರಿಗೆ ಲೇಪವೂ ಬಿಳಿ ಮೈಯೂ ನಡುಗುತ್ತವೆ; ಚಿಕ್ಕ ಹಿತ್ತಾಳೆ ಪಟ್ಟಿಗಳನ್ನು ತಿರುಪಿನಿಂದ ಬಿಗಿದೆ. ಹಿತ್ತಾಳೆಗೆ ಇರಬೇಕಾದ ಜಾಗ ಅದೇ. ಗೋಡೆಗೆ ಹಾಕುವಾಗ ಕಿರೀಟದ ಹಿಂದಿನ ಹಳೆಯ ಕಬ್ಬಿಣದ ಬಳೆಯನ್ನು ನಂಬದೆ, ಉದ್ದ ಪಟ್ಟಿಗಳಿಗೆ ಎರಡು ಕೊಂಡಿ ಹಾಕಿ ಎರಡು ಬೋಲ್ಟುಗಳಿಗೆ ಭಾರ ಹಂಚಿದೆ. ಅಗ್ಗಿಷ್ಟಿಕೆಯ ಮೇಲಿನ ಜಾಗ ನೋಡಲು ಚೆನ್ನ, ಫ್ರೆಂಚರ ಹಳೆಯ ರೂಢಿಯೂ ಹೌದು, ಆದರೆ ಬಿಸಿಗಾಳಿ ಮರಕ್ಕೂ ಪಾದರಸಕ್ಕೂ ಆಗಿಬರುವುದಿಲ್ಲ. ಬಿಸಿಲು ಬೀಳದ, ಹೀಟರ್ ಇಲ್ಲದ ಒಳಗೋಡೆಗೆ ಹಾಕಿದ್ದೇನೆ. ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು. ಗಾಜು ಒರೆಸಬೇಕಾದರೆ ದ್ರವವನ್ನು ಬಟ್ಟೆಗೆ ಹಾಕಿಕೊಂಡು, ಚೌಕಟ್ಟಿನಿಂದ ಎರಡು ಬೆರಳು ದೂರದಲ್ಲೇ ಕೈ ನಿಲ್ಲಿಸಬೇಕು. ಗಾಜಿಗೆ ನೇರವಾಗಿ ಸಿಂಪಡಿಸಿದರೆ ಅದು ಇಳಿದು ಕೆಳಪಟ್ಟಿಗೆ ಸೇರುತ್ತದೆ, ಹೊಸದಾಗಿ ಚಿನ್ನ ಹಾಕಿದ ಜಾಗವೇ ಮೊದಲು ಏಳುತ್ತದೆ.